ಹುಟ್ಟುಹಬ್ಬಕ್ಕೆ ಫ್ರೆಂಚ್ ಊಟ: ಕಲಬುರಗಿಯಿಂದ ಎಲ್ಲಿಗೆ ಹೋಗೋದು, ಯಾವಾಗ ಮನೆಯಲ್ಲೇ ಮಾಡೋದು?

ನಮ್ಮ ಓಣಿಯ ಹುಡುಗಿ ಹೋದ ವಾರ ಮನೆಗೆ ಬಂದು ಕೇಳಿದಳು: "ಅಕ್ಕಾ, ಅವರ ಬರ್ತ್‌ಡೇಗೆ ಒಂದು ಸಲ ಫ್ರೆಂಚ್ ಊಟ ಮಾಡಿಸಬೇಕ್ರೀ. ಹೈದರಾಬಾದಿಗೆ ಹೋಗ್ಲೋ, ಬೆಂಗಳೂರಿಗೆ ಹೋಗ್ಲೋ, ಏನೂ ತಿಳೀವಲ್ದು." ಮದುವೆಯಾಗಿ ಎರಡು ವರ್ಷ. ಇಬ್ಬರಿಗೂ ಕೆಲಸ ಇದೆ. ತಿಂಗಳಾ ಸ್ವಲ್ಪ ಸ್ವಲ್ಪ ತೆಗೆದಿಟ್ಟ ದುಡ್ಡು ಇದೆ. ಇದೇ ಪ್ರಶ್ನೆ ಇನ್ನೂ ಇಬ್ಬರು ಕೇಳಿದ್ದಾರೆ. ಹಾಗಾಗಿ ಗೊತ್ತಿದ್ದನ್ನೆಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕತೆ. ಮನೆಯವರಿಗೆ 40 ತುಂಬಿದಾಗ ನಾವು ಹೈದರಾಬಾದಿನ ಒಂದು ದೊಡ್ಡ ಹೋಟೆಲಿನಲ್ಲಿ ರಾತ್ರಿ ಎಂಟಕ್ಕೆ ಟೇಬಲ್ ಹಿಡಿದಿದ್ದೆವು. ಲಾಡ್ಜ್ ದುಡ್ಡು ಉಳಿಯುತ್ತೆ ಅಂತ ಅದೇ ರಾತ್ರಿಯ ರೈಲಿಗೆ ವಾಪಸ್ ಟಿಕೆಟ್ ಮಾಡಿಸಿದ್ದೆ. ಒಂಬತ್ತೂಕಾಲಾದರೂ ಮುಖ್ಯ ಊಟ ಬಂದಿರಲಿಲ್ಲ. ಅವರು ಒಂದು ಕಣ್ಣು ತಟ್ಟೆಯ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟುಕೊಂಡು ಉಂಡರು. ಸಿಹಿ ಬರುವ ಮೊದಲೇ ಎದ್ದೆವು. ಪಾಪ, ಬಡಿಸುವ ಹುಡುಗರು ಅದನ್ನು ಡಬ್ಬಿಗೆ ಹಾಕಿ ಕೊಟ್ಟರು. ಆಟೋದಲ್ಲಿ ನನ್ನ ತೊಡೆಯ ಮೇಲೆ ಆ ಡಬ್ಬಿ ಇತ್ತು. ಮುಚ್ಚಳ ತೆಗೆದು ನೋಡಿದರೆ ಚಾಕೊಲೇಟ್ ಎಲ್ಲ ಒಂದು ಮೂಲೆಗೆ ಸರಿದು, ಮೇಲಿಟ್ಟಿದ್ದ ಪುಟ್ಟ ಮೇಣದಬತ್ತಿ ಅಡ್ಡ ಬಿದ್ದಿತ್ತು. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಇವತ್ತಿಗೂ ಆ ಮೇಣದಬತ್ತಿ ಕಣ್ಣಿಗೆ ಕಟ್ಟಿದ ಹಾಗಿದೆ.

ಅಡುಗೆಯವರು ತಡ ಮಾಡಿದ್ದಲ್ಲ. ಆ ಊಟ ಇರುವುದೇ ಹಾಗೆ. ಫ್ರೆಂಚರು ಕೂತು ಉಣ್ಣುವ ಪದ್ಧತಿಯನ್ನು ಯುನೆಸ್ಕೋ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾವುದೋ ಒಂದು ಖಾದ್ಯವನ್ನಲ್ಲ, ಹುಟ್ಟುಹಬ್ಬ, ಮದುವೆಯಂಥ ದಿನಗಳಲ್ಲಿ ಎಲ್ಲರೂ ಸೇರಿ ಒಂದಾದ ಮೇಲೊಂದು ಬಡಿಸಿಕೊಂಡು ನಿಧಾನವಾಗಿ ಉಣ್ಣುವ ರೀತಿಯನ್ನು. ಅಂದರೆ ನೀವು ಅಲ್ಲಿ ದುಡ್ಡು ಕೊಡುವುದು ಸಾಸಿಗೆ ಎಷ್ಟೋ, ಸಾವಕಾಶಕ್ಕೂ ಅಷ್ಟೇ.

ಏನನ್ನು ನೋಡಿ ಆರಿಸಬೇಕು

ಅದಕ್ಕೇ ಮೊದಲ ಅಳತೆ ಸಮಯ. ಎರಡೂವರೆಯಿಂದ ಮೂರು ಗಂಟೆ ಯಾವ ಅವಸರವೂ ಇಲ್ಲದೆ ಕೂರಲು ಆಗುತ್ತಾ? ಊಟ ಆದ ಮೇಲೆ ಹತ್ತಿರದಲ್ಲೇ ಮಲಗುವ ಜಾಗ ಇದೆಯಾ? ಇದಕ್ಕೆ "ಇಲ್ಲ" ಅಂತ ಬಂದರೆ ಎಷ್ಟೇ ದೊಡ್ಡ ಹೋಟೆಲಾದರೂ ಬೇಡ.

ಎರಡನೆಯದು ತಟ್ಟೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಫ್ರೆಂಚ್ ಅಡುಗೆಯಲ್ಲಿ ಮಾಂಸ ಕಣ್ಣಿಗೆ ಕಾಣದ ಜಾಗದಲ್ಲೂ ಇರುತ್ತದೆ. ಈರುಳ್ಳಿ ಸೂಪ್ ಅಂತ ಬರೆದಿರುತ್ತಾರೆ, ಅದರ ನೀರು ಮೂಳೆ ಕುದಿಸಿ ತೆಗೆದ ಸ್ಟಾಕ್ ಆಗಿರುತ್ತದೆ. ಅವತ್ತು ನನಗೆ ಆಗಿದ್ದೂ ಅದೇ. ಎರಡು ಚಮಚ ಕುಡಿದ ಮೇಲೆ ಅನುಮಾನ ಬಂದು ಕೇಳಿದೆ, ಚಿಕನ್ ಸ್ಟಾಕ್ ಅಂದರು. ಹೊರಗಿನಿಂದ ತರಿಸಿದ ಹಳೇ ಕಾಲದ ಚೀಸುಗಳಲ್ಲಿ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದುಂಟು. ಜೆಲ್ಲಿಯಂತೆ ನಡುಗುವ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಉಬ್ಬಿ ಬೇಯುವ ಸೂಫ್ಲೆ, ಕೆನೆಯ ಕ್ರೆಮ್ ಬ್ರೂಲೆ, ನೊರೆಯಂಥ ಮೂಸ್, ತೆಳ್ಳನೆ ದೋಸೆಯಂಥ ಕ್ರೇಪ್ ಎಲ್ಲದರಲ್ಲೂ ಮೊಟ್ಟೆ ಇರುವುದೇ ರೂಢಿ. ಸಾಸಿಗೆ ವೈನ್ ಹಾಕಿ ಕುದಿಸುವುದೂ ಸಾಮಾನ್ಯ. ಹಾಗಾಗಿ "ವೆಜ್ ಸಿಗುತ್ತಾ?" ಅನ್ನುವ ಪ್ರಶ್ನೆ ಸಾಕಾಗಲ್ಲ. "ಸ್ಟಾಕ್ ಯಾವುದು? ಮೊಟ್ಟೆ, ಜೆಲಟಿನ್, ವೈನ್ ಇಲ್ಲದ ಎಷ್ಟು ಪದಾರ್ಥ ಕೊಡ್ತೀರಿ?" ಅಂತ ಟೇಬಲ್ ಹಿಡಿಯುವಾಗಲೇ ಫೋನಿನಲ್ಲಿ ಕೇಳಿ. ಒಳ್ಳೆ ಅಡುಗೆಮನೆಯವರು ಇಂಥ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳಲ್ಲ. ಎರಡು ದಿನ ಮೊದಲೇ ಹೇಳಿದ್ದಕ್ಕೆ ಖುಷಿಪಡುತ್ತಾರೆ.

ಮೂರನೆಯದು ಬಿಲ್ಲು. ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ತೆರಿಗೆ, ಸರ್ವಿಸ್ ಚಾರ್ಜ್ ಬೇರೆ ಅಂತ ಅರ್ಥ. ತಲೆಗೆ 4,000 ರೂಪಾಯಿಯ ಊಟ ಅಂತ ಇಟ್ಟುಕೊಳ್ಳಿ. ಇಬ್ಬರಿಗೆ 8,000. ಅದಕ್ಕೆ 10% ಸರ್ವಿಸ್ ಚಾರ್ಜ್ ಸೇರಿದರೆ 8,800. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಕೋಣೆಗಳಿರುವ ಹೋಟೆಲಿನ ಒಳಗಿನ ರೆಸ್ಟೋರೆಂಟಿನಲ್ಲಿ ಸಾಮಾನ್ಯವಾಗಿ 18% ಜಿಎಸ್‌ಟಿ, ಅದು 1,584. ಒಟ್ಟು 10,384 ರೂಪಾಯಿ. ಹೋಟೆಲಿಗೆ ಸೇರದ, ಬೀದಿ ಬದಿಯ ಸ್ವತಂತ್ರ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ 5% ಮಾತ್ರ. ಇದೊಂದರಲ್ಲೇ ಸಾವಿರ ರೂಪಾಯಿ ಉಳಿಯುತ್ತದೆ. ಇನ್ನೊಂದು ಮಾತು: ಸರ್ವಿಸ್ ಚಾರ್ಜನ್ನು ಹೇಳದೆ ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿ ಹಿಡಿದಿದೆ. ಬೇಡ ಅನಿಸಿದರೆ ಸಂಕೋಚ ಇಲ್ಲದೆ ತೆಗೆಸಿ. ಚೆನ್ನಾಗಿ ನೋಡಿಕೊಂಡ ಹುಡುಗನಿಗೆ ನಿಮ್ಮ ಕೈಯಾರೆ ಕೊಡಿ.

ನಾಲ್ಕನೆಯದು, ಹುಟ್ಟುಹಬ್ಬ ಯಾರದ್ದು ಅನ್ನುವುದು. ಆಸೆ ನಿಮ್ಮದೋ, ಅವರದೋ? ಖಾರ ಇಲ್ಲದೆ ಒಂದು ತುತ್ತು ಇಳಿಯದವರನ್ನು ಬೆಣ್ಣೆ, ಕೆನೆಯ ಊಟಕ್ಕೆ ಕರೆದೊಯ್ದರೆ ಅವರು ನಿಮ್ಮ ಸಲುವಾಗಿ ನಗುತ್ತಾ ಉಣ್ಣುತ್ತಾರೆ, ಅಷ್ಟೇ.

ಹೈದರಾಬಾದ್

ಕಲಬುರಗಿಯವರಿಗೆ ಮೊದಲು ನೆನಪಾಗುವುದು ಇದೇ. ರಸ್ತೆಯಲ್ಲಿ ಸುಮಾರು 220 ಕಿಲೋಮೀಟರ್, ಕಾರಿನಲ್ಲಿ ನಾಲ್ಕೂವರೆ ಐದು ಗಂಟೆ. ರೈಲೂ ಬೇಕಾದಷ್ಟಿವೆ. ಬೀದರಿನವರಿಗೆ ಇನ್ನೂ ಹತ್ತಿರ. ಜಹೀರಾಬಾದ್ ಮೇಲೆ ಹೋದರೆ ಸುಮಾರು 140 ಕಿಲೋಮೀಟರ್. ಮಧ್ಯಾಹ್ನ ಉಂಡು ರಾತ್ರಿಗೆ ಮನೆ ಸೇರಬಹುದು. ಯಾದಗಿರಿಯವರಿಗೆ ರಸ್ತೆ, ರೈಲು ಎರಡರಲ್ಲೂ ಹೆಚ್ಚುಕಮ್ಮಿ ನಮ್ಮಷ್ಟೇ ದೂರ.

ಅಲ್ಲಿ ಎರಡು ಥರದ ಜಾಗ ಸಿಗುತ್ತವೆ. ಒಂದು, ಬಂಜಾರಾ ಹಿಲ್ಸ್, ಹೈಟೆಕ್ ಸಿಟಿ ಕಡೆಯ ದೊಡ್ಡ ಹೋಟೆಲುಗಳ ಯುರೋಪಿಯನ್ ರೆಸ್ಟೋರೆಂಟ್. ಬಿಳಿ ಮೇಜುಬಟ್ಟೆ, ಸಾಲಾಗಿ ಫೋರ್ಕು, ಐದಾರು ಸುತ್ತಿನ ಊಟ. ಇನ್ನೊಂದು, ಫ್ರೆಂಚ್ ಶೈಲಿಯ ಬೇಕರಿ-ಕೆಫೆ. ಕ್ರೋಸಾನ್ ಅನ್ನುವ ಪದರದ ಬೆಣ್ಣೆ ಬ್ರೆಡ್ಡು, ಕೀಶ್ ಅನ್ನುವ ಮೊಟ್ಟೆಯ ಖಾರದ ಟಾರ್ಟು, ಸೂಪು, ಕೇಕು. ಹತ್ತು ಸಾವಿರದ ಬಿಲ್ಲಿಗೆ ಮನಸ್ಸು ಒಪ್ಪದಿದ್ದರೆ ಎರಡನೆಯದನ್ನು ಕೀಳು ಅಂತ ತಿಳಿಯಬೇಡಿ. ಪ್ಯಾರಿಸ್ಸಿನ ಜನ ದಿನಾ ಕೂರುವುದು ಇಂಥ ಜಾಗದಲ್ಲೇ. ಇಬ್ಬರು 2,500 ರೂಪಾಯಿ ಎತ್ತಿಟ್ಟರೆ ಹೊಟ್ಟೆ ತುಂಬ ಉಂಡು ಒಂದು ಪುಟ್ಟ ಕೇಕನ್ನೂ ಕತ್ತರಿಸಬಹುದು.

ಫಲಕ್‌ನುಮಾ ಅರಮನೆ ಹೇಗೆ ಅಂತಲೂ ಕೇಳುತ್ತಾರೆ. 101 ಜನ ಕೂರುವ ಊಟದ ಮೇಜಿರುವ ಅರಮನೆ, 2010ರಿಂದ ತಾಜ್ ಹೋಟೆಲ್. ಜೀವಮಾನಕ್ಕೊಮ್ಮೆ ನೋಡುವ ಜಾಗವೇ. ಆದರೆ ಅಲ್ಲಿ ಹೆಸರಾದದ್ದು ಹೈದರಾಬಾದಿ ಊಟ. ವೈಭವ ಬೇಕಾದವರು ಹೋಗಿ, ಫ್ರೆಂಚ್ ಬೇಕಾದವರು ಬೇರೆ ಕಡೆ ನೋಡಿ.

ಹೈದರಾಬಾದಿಗೆ ನನ್ನ ಷರತ್ತು ಒಂದೇ: ಒಂದು ರಾತ್ರಿ ಅಲ್ಲೇ ಉಳಿಯಿರಿ. ಕೋಣೆಗೆ 2,500 ಜಾಸ್ತಿ ಆಗುತ್ತೆ ಅಂತ ಅನಿಸಿದರೆ ಊಟದಲ್ಲಿ ಒಂದು ಸುತ್ತು ಕಮ್ಮಿ ಮಾಡಿ, ಕೋಣೆ ಬಿಡಬೇಡಿ. ರಾತ್ರಿ ಉಳಿಯಲು ಸಾಧ್ಯವೇ ಇಲ್ಲದಿದ್ದರೆ ಮಧ್ಯಾಹ್ನದ ಊಟಕ್ಕೆ ಹೋಗಿ. ಅದೇ ಅಡುಗೆಮನೆ, ಅದೇ ಅಡುಗೆಯವರು. ಮಧ್ಯಾಹ್ನದ ಸೆಟ್ ಮೆನು ಎಷ್ಟೋ ಕಡೆ ರಾತ್ರಿಗಿಂತ ಅಗ್ಗ. ಮೇಣದಬತ್ತಿಯ ಬೆಳಕೊಂದು ಇರಲ್ಲ, ನಿಜ.

ಬೆಂಗಳೂರು, ಮತ್ತೆ ಪುದುಚೇರಿ

ಆಯ್ಕೆಯ ಮಟ್ಟಿಗೆ ಬೆಂಗಳೂರೇ ಮುಂದು. ಯುಬಿ ಸಿಟಿ, ಇಂದಿರಾನಗರದ ಕಡೆಯ ಫ್ರೆಂಚ್ ಕೆಫೆಗಳಿಂದ ಪಂಚತಾರಾ ಹೋಟೆಲುಗಳ ದುಬಾರಿ ಮೇಜಿನವರೆಗೆ ಎಲ್ಲ ಮೆಟ್ಟಿಲೂ ಇವೆ. ಸಸ್ಯಾಹಾರಿಗಳನ್ನು ನೋಡಿ ಅಭ್ಯಾಸವಾದ ಅಡುಗೆಮನೆಗಳೂ ಜಾಸ್ತಿ. ಇಬ್ಬರೂ ಸಸ್ಯಾಹಾರಿಗಳಾಗಿದ್ದು ಪೂರಾ ಹಲವು ಸುತ್ತಿನ ಊಟವೇ ಬೇಕು ಅಂದರೆ ನಾನು ಬೆಂಗಳೂರನ್ನೇ ಹೇಳುತ್ತೇನೆ.

ತೊಂದರೆ ದೂರದ್ದು. 2024ರ ಮಾರ್ಚಿನಲ್ಲಿ ಕಲಬುರಗಿಯಿಂದ ವಂದೇ ಭಾರತ್ ಶುರುವಾದ ಮೇಲೆ ಸ್ವಲ್ಪ ಹಗುರಾಗಿದೆ. ಬೆಳಗಿನ ಜಾವ ಹೊರಟರೆ ಮಧ್ಯಾಹ್ನ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್. ಒಂದು ನಿದ್ದೆ ತೆಗೆದು, ಸ್ನಾನ ಮಾಡಿ, ಸೀರೆ ಉಟ್ಟು, ಏಳೂವರೆಗೆ ಮೇಜಿಗೆ ಕೂರಬಹುದು. ಟ್ರಾಫಿಕ್ಕಿಗೆ ಒಂದು ಗಂಟೆ ಬೇರೆ ಇಟ್ಟುಕೊಳ್ಳಿ. ಮರುದಿನದ ವಾಪಸ್ ರೈಲು ಮಧ್ಯರಾತ್ರಿ ಹತ್ತಿರಕ್ಕೆ ಊರು ಮುಟ್ಟಿಸುತ್ತದೆ. ಅಂದರೆ ಎರಡು ದಿನ ರಜೆ, ಒಂದು ರಾತ್ರಿಯ ಕೋಣೆ, ನಾಲ್ಕು ಟಿಕೆಟ್. ಊಟಕ್ಕಿಂತ ಹೋಗಿಬರುವ ಖರ್ಚೇ ಜಾಸ್ತಿ ಆಗಬಹುದು. ಬೆಂಗಳೂರಿನಲ್ಲಿ ಅಕ್ಕ ತಂಗಿ, ಮಗ ಮಗಳು ಇದ್ದರೆ ಲೆಕ್ಕವೇ ಬೇರೆ. ಉಳಿಯಲು ಮನೆ ಇದೆ, ಊಟಕ್ಕೆ ಮಾತ್ರ ಖರ್ಚು.

ಅಂದಹಾಗೆ, "ಮಿಷೆಲಿನ್ ಸ್ಟಾರ್ ಇರೋದಕ್ಕೆ ಹೋಗೋಣ" ಅಂತ ಹುಡುಕಬೇಡಿ. ಒಳ್ಳೆ ರೆಸ್ಟೋರೆಂಟುಗಳನ್ನು ಆರಿಸಿ ಆ ಸ್ಟಾರ್ ಕೊಡುವ ಗೈಡ್ ಭಾರತದ ಹೋಟೆಲುಗಳಿಗೆ ಇನ್ನೂ ಬಂದಿಲ್ಲ. ಫುಆ ಗ್ರಾ ಅನ್ನುವ ಬಾತುಕೋಳಿ ಲಿವರ್ ತಿನ್ನುವ ಆಸೆ ಇದ್ದರೆ ಅದರ ಆಮದನ್ನೂ 2014ರಲ್ಲೇ ನಮ್ಮ ಸರ್ಕಾರ ನಿಲ್ಲಿಸಿದೆ.

ಪುದುಚೇರಿ 1954ರವರೆಗೆ ಫ್ರೆಂಚರ ಕೈಯಲ್ಲಿದ್ದ ಊರು. ವೈಟ್ ಟೌನಿನ ಹಳದಿ ಗೋಡೆಯ ಮನೆಗಳಲ್ಲಿ, ಅಂಗಳದಲ್ಲಿ ಮೇಜು ಹಾಕಿ ಉಣ್ಣಿಸುತ್ತಾರೆ. ಆದರೆ ನಮ್ಮಿಂದ ಚೆನ್ನೈವರೆಗೆ ರಾತ್ರಿಯೆಲ್ಲಾ ರೈಲು, ಅಲ್ಲಿಂದ ಮತ್ತೆ ಸುಮಾರು 150 ಕಿಲೋಮೀಟರ್. ಒಂದು ಊಟಕ್ಕೆ ಇದು ಆಗದ ಮಾತು. ನಾಲ್ಕು ದಿನ ರಜೆ ಹಾಕಿ ಸಮುದ್ರ ನೋಡಿಕೊಂಡು ಬರುವವರಿಗೆ ಮಾತ್ರ.

ಊರಲ್ಲೇ ಒಂದು ಒಳ್ಳೆ ಹೋಟೆಲ್

ಕಲಬುರಗಿಯ ದೊಡ್ಡ ಹೋಟೆಲುಗಳ ಮೆನುವಿನಲ್ಲಿ "ಕಾಂಟಿನೆಂಟಲ್" ಅಂತ ಒಂದು ಪುಟ ಇರುತ್ತದೆ. ಬಹಳ ಜನ ಅದನ್ನು ದಾಟಿ ಪನೀರಿಗೆ ಹೋಗುತ್ತಾರೆ. ಆ ಪುಟದಲ್ಲಿ ಬೇಕ್ಡ್ ವೆಜಿಟೆಬಲ್, ಔ ಗ್ರಾಟಿನ್ (ಮೇಲ್ಭಾಗ ಕಂದಾಗುವ ಹಾಗೆ ಬೇಯಿಸಿದ್ದು) ಅಂತ ಇದ್ದರೆ ನಿಲ್ಲಿ. ಅದಕ್ಕೆ ಹಾಕುವ ವೈಟ್ ಸಾಸ್ ಬೆಶಮೆಲ್. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಸೇರಿಸಿ ಮಾಡುವುದು, ಫ್ರೆಂಚ್ ಅಡುಗೆಯ ತಾಯಿ ಸಾಸುಗಳಲ್ಲಿ ಒಂದು. ಅಂದರೆ ಆ ಅಡುಗೆಯ ಒಂದು ಎಳೆ ನಮ್ಮೂರಿಗೆ ಬಂದು ಎಷ್ಟೋ ವರ್ಷವಾಯಿತು.

ಒಂದು ವಾರ ಮೊದಲು, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ಅಡುಗೆಯವರ ಜೊತೆ ಮಾತಾಡಿ. ಆಗ ಅವರಿಗೂ ಪುರುಸೊತ್ತು. ಸೂಪು, ಸಲಾಡು, ಗ್ರಾಟಿನ್, ಸಿಹಿ, ಹೀಗೆ ನಾಲ್ಕು ಸುತ್ತು, ಒಂದಾದ ಮೇಲೊಂದು, ನಡುವೆ ಹದಿನೈದು ನಿಮಿಷ ಬಿಟ್ಟು ಬಡಿಸಿ ಅಂತ ಕೇಳಿ. ಈ ಕೊನೇ ಮಾತನ್ನು ಒತ್ತಿ ಹೇಳಬೇಕು. ಇಲ್ಲಾಂದ್ರೆ ಎಲ್ಲವೂ ಒಟ್ಟಿಗೆ ಬಂದು ಮೇಜು ತುಂಬುತ್ತದೆ, ನಲವತ್ತು ನಿಮಿಷಕ್ಕೆ ಊಟ ಮುಗಿಯುತ್ತದೆ. ಶನಿವಾರ, ಭಾನುವಾರ ಬೇಡ. ವಾರದ ನಡುವೆ ಆದರೆ ಗದ್ದಲ ಇರಲ್ಲ, ಅವರಿಗೂ ನಿಮ್ಮನ್ನು ನೋಡಿಕೊಳ್ಳಲು ಕೈ ಬಿಡುವಿರುತ್ತದೆ.

ಇಬ್ಬರಿಗೆ ಎರಡು ಸಾವಿರದೊಳಗೆ ಮುಗಿಯುವ ದಾರಿ ಇದು. ರುಚಿ ಪೂರಾ ಫ್ರೆಂಚ್ ಇರಲ್ಲ. ಚಿಕ್ಕ ಮಕ್ಕಳಿರುವವರು, ಅತ್ತೆ ಮಾವ ಮನೆಯಲ್ಲಿದ್ದು ರಾತ್ರಿ ಹೊರಗೆ ಉಳಿಯಲು ಆಗದವರು, ಇವರಿಗೆಲ್ಲ ಇದು ಚೆನ್ನಾಗಿ ಹೊಂದುತ್ತದೆ. ಹತ್ತು ನಿಮಿಷದಲ್ಲಿ ಮನೆ.

ಮನೆಯಲ್ಲೇ

ನನ್ನ ಮನಸ್ಸು ವಾಲುವುದು ಇದರ ಕಡೆಗೇ, ಮುಚ್ಚಿಡುವುದಿಲ್ಲ. ಒಂದು ಒಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್, ಒಂದು ಪೂರ್ತಿ ಸಂಜೆ ಇದ್ದರೆ ಸಾಕು. ಸಾಮಾನಿಗೆ 800 ರೂಪಾಯಿ ದಾಟಲ್ಲ. ಸ್ಟಾಕ್ ಯಾವುದು, ಮೊಟ್ಟೆ ಇದೆಯಾ ಅನ್ನುವ ಚಿಂತೆಯೇ ಇಲ್ಲ. ನಮ್ಮಲ್ಲಿ ಸಿಗುವ ಹಸಿರು ಚುಕ್ಕೆಯ ಅಮೂಲ್ ಚೀಸ್ ಸಸ್ಯಾಹಾರಿ. ಬೆಲೆ ಕೊಡುವುದು ನಿಮ್ಮ ಬೆನ್ನು, ಕಾಲು. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಇಡೀ ದಿನ ಆಫೀಸಿನಲ್ಲಿ ದುಡಿದು ಬಂದು ಮಾಡುವ ಅಡುಗೆ ಇದಲ್ಲ. ರಜೆ ಹಾಕಿದರೆ ಮಾತ್ರ. ಮೇ ತಿಂಗಳಲ್ಲಿ ನಮ್ಮೂರು 40 ಡಿಗ್ರಿ ದಾಟಿರುವಾಗ ಒಲೆಯ ಮುಂದೆ ನಿಲ್ಲುವ ಯೋಚನೆಯೂ ಬೇಡ. ಆಗ ಹುಟ್ಟಿದವರನ್ನು ಎಸಿ ಇರುವ ಕಡೆಗೇ ಕರೆದುಕೊಂಡು ಹೋಗಿ.

ನಾನು ಮಾಡುವುದು ನಾಲ್ಕೇ. ಈರುಳ್ಳಿ ಸೂಪು, ಆಲೂಗಡ್ಡೆ ಗ್ರಾಟಿನ್, ರಾಟಟೂಯಿ ಅನ್ನುವ ತರಕಾರಿ ಪಲ್ಯ, ಚಾಕೊಲೇಟ್.

ಸೂಪಿಗೆ ನಾಲ್ಕು ದೊಡ್ಡ ಈರುಳ್ಳಿ ಸಣ್ಣ ಉರಿಯಲ್ಲಿ ಬೆಣ್ಣೆ ಹಾಕಿ 45 ನಿಮಿಷ ಬಾಡಿಸಬೇಕು. ಮೊದಲು ನೀರು ಬಿಡುತ್ತದೆ, ಆಮೇಲೆ ಹಳದಿ, ಆಮೇಲೆ ಬೆಲ್ಲದ ಬಣ್ಣ. ಅವಸರ ಮಾಡಿ ಉರಿ ಏರಿಸಿದರೆ ಅಂಚು ಕಪ್ಪಾಗಿ ಕಹಿ ಬರುತ್ತದೆ. ಮನೆಯೆಲ್ಲ ಘಮ ಹರಡಿದಾಗ ತರಕಾರಿ ಬೇಯಿಸಿದ ನೀರು ಹಾಕಿ ಕುದಿಸಿ. ಮೇಲೆ ಸುಟ್ಟ ಬ್ರೆಡ್ಡು, ಅದರ ಮೇಲೆ ಚೀಸು.

ಗ್ರಾಟಿನ್ನಿಗೆ ಅರ್ಧ ಕೆಜಿ ಆಲೂಗಡ್ಡೆ ನಾಣ್ಯದಷ್ಟು ತೆಳ್ಳಗೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆಯಬೇಡಿ, ಅದರ ಗಂಜಿಯೇ ಕೆನೆಯನ್ನು ಗಟ್ಟಿ ಮಾಡುವುದು. ಪಾತ್ರೆಗೆ ಬೆಳ್ಳುಳ್ಳಿ ಉಜ್ಜಿ, ಬೆಣ್ಣೆ ಸವರಿ, ಆಲೂಗಡ್ಡೆ ಸಾಲಾಗಿ ಜೋಡಿಸಿ, 200 ಎಂಎಲ್ ಕೆನೆ, 100 ಎಂಎಲ್ ಹಾಲು, ಉಪ್ಪು, ಚೂರು ಜಾಯಿಕಾಯಿ ಪುಡಿ. 170 ಡಿಗ್ರಿಯಲ್ಲಿ ಒಂದೂಕಾಲು ಗಂಟೆ. ಅಂಚಿನಲ್ಲಿ ಕೆನೆ ದಪ್ಪ ಗುಳ್ಳೆಯಾಗಿ ಕುದಿದು, ಮೇಲ್ಭಾಗ ರೊಟ್ಟಿಯ ಚುಕ್ಕೆಗಳ ಹಾಗೆ ಕಂದಾದರೆ ಆಯಿತು. ಹತ್ತು ನಿಮಿಷ ಆರಲು ಬಿಡಿ.

ರಾಟಟೂಯಿಗೆ ಬದನೆ, ಟೊಮ್ಯಾಟೊ, ದೊಣ್ಣಮೆಣಸು ಎಲ್ಲ ಕಣ್ಣಿ ಮಾರ್ಕೆಟಿನಲ್ಲೇ ಸಿಗುತ್ತವೆ. ಜುಕಿನಿ ಸಿಗದಿದ್ದರೆ ಎಳೇ ಸೋರೆಕಾಯಿ ಹಾಕುತ್ತೇನೆ. ಒಂದೊಂದನ್ನೂ ಬೇರೆ ಬೇರೆ ಬಾಡಿಸಿ ಕೊನೆಗೆ ಕೂಡಿಸಿದರೆ ತರಕಾರಿ ಮುದ್ದೆಯಾಗಲ್ಲ. ಚಾಕೊಲೇಟಿಗೆ ಕಷ್ಟವೇ ಇಲ್ಲ. ಬಿಸಿ ಕೆನೆಗೆ ಅಷ್ಟೇ ತೂಕದ ಚಾಕೊಲೇಟ್ ಪುಡಿ ಮಾಡಿ ಹಾಕಿ, ಕಲಕಿ, ಪುಟ್ಟ ಬಟ್ಟಲಿಗೆ ಸುರಿದು ಫ್ರಿಜ್ಜಿನಲ್ಲಿ ಮೂರು ಗಂಟೆ. ಮೊಟ್ಟೆಯ ಅವಶ್ಯಕತೆಯೇ ಬೀಳಲ್ಲ.

ಓಣಿಯ ಹುಡುಗಿಗೆ ಇಷ್ಟೆಲ್ಲ ಹೇಳಿದ ಮೇಲೆ ಎರಡು ಪ್ರಶ್ನೆ ಕೇಳಿದೆ. ಮರುದಿನ ರಜೆ ಸಿಗುತ್ತಾ? ಸಿಗುತ್ತೆ ಅಂದಳು. ಅವರು ಮಾಂಸ, ಮೊಟ್ಟೆ ತಿನ್ತಾರಾ? ತಿನ್ತಾರೆ, ಅವಳಿಗೂ ಕೇಕಿನ ಮೊಟ್ಟೆ ನಡೆಯುತ್ತೆ. ಕೈಯಲ್ಲಿ 15,000 ಇದೆ. ಹಾಗಾದರೆ ಹೈದರಾಬಾದೇ ಸರಿ, ಕೋಣೆ ಮೊದಲು ಹಿಡಿ, ಟೇಬಲ್ ಆಮೇಲೆ ಅಂದೆ. ಊಟ ಶುರುವಾಗುವಾಗಲೇ ಸೂಫ್ಲೆ ಹೇಳಿಬಿಡು ಅಂತಲೂ ಹೇಳಿದ್ದೇನೆ. ಅದನ್ನು ಮಾಡಿ ಬೇಯಿಸಲು ಇಪ್ಪತ್ತು ನಿಮಿಷ ಹಿಡಿಯಬಹುದು, ಮೇಜಿಗೆ ಬಂದ ಕೆಲವೇ ನಿಮಿಷದಲ್ಲಿ ಇಳಿದು ಹೋಗುತ್ತದೆ. ಬಂದ ತಕ್ಷಣ ಇಬ್ಬರೂ ಒಟ್ಟಿಗೆ ಚಮಚ ಹಾಕಬೇಕು.

ನಮ್ಮ ಮನೆಯವರ ಹುಟ್ಟುಹಬ್ಬ ಬರುವ ತಿಂಗಳಿದೆ. ಎಲ್ಲಿಗೆ ಹೋಗೋಣ ಅಂತ ಕೇಳಿದೆ. "ಎಲ್ಲೂ ಬ್ಯಾಡ, ಆ ಆಲೂಗಡ್ಡಿದು ಮಾಡು, ಬಾಜೂಕ ಶೇಂಗಾ ಹಿಂಡಿ ಇಡು" ಅಂದರು. ಜಾಯಿಕಾಯಿ ತೀರಿದೆ, ನಾಳೆ ತರಬೇಕು.